ಲೆಕ್ಕಪತ್ರ ಇಲಾಖೆಯ ಹತ್ತು ವರ್ಷ: ಸಿ.ವಿ. ರಾಮನ್ ಕೆಲಸ ಬಿಟ್ಟ ಪ್ರಕರಣ

ಸಿ.ವಿ. ರಾಮನ್ ಹೆಸರು ಬಂದಾಗೆಲ್ಲ ಒಂದು ಮಾತು ಜೊತೆಗೇ ಬರುತ್ತದೆ: ಒಳ್ಳೆ ಸಂಬಳದ ಸರ್ಕಾರಿ ನೌಕರಿಯನ್ನು ಒದ್ದು ವಿಜ್ಞಾನಕ್ಕೆ ಬಂದರು. ಕಾಲೇಜು ಸಮಾರಂಭಗಳಲ್ಲಿ ಈ ಮಾತಿಗೆ ಚಪ್ಪಾಳೆ ಗ್ಯಾರಂಟಿ. ಅದರ ಬೆನ್ನಿಗೇ ಉಪದೇಶವೂ ಬರುತ್ತದೆ. ಮನಸ್ಸಿಗೆ ಹಿಡಿಸಿದ್ದನ್ನೇ ಮಾಡಿ, ಸಂಬಳದ ಮುಖ ನೋಡಬೇಡಿ ಅಂತ.

ತಾರೀಖುಗಳನ್ನು ಜೋಡಿಸಿ ನೋಡಿದರೆ ಕತೆ ಹೀಗಿಲ್ಲ. ರಾಮನ್ ಹಣಕಾಸು ಇಲಾಖೆಗೆ ಸೇರಿದ್ದು 1907ರಲ್ಲಿ. ಬಿಟ್ಟಿದ್ದು 1917ರಲ್ಲಿ. ಸೇರುವಾಗ ಹದಿನೆಂಟು ವರ್ಷ, ಬಿಡುವಾಗ ಇಪ್ಪತ್ತೆಂಟು. ಒದ್ದು ಬರೋಕೆ ಯಾರೂ ಹತ್ತು ವರ್ಷ ತಗೊಳ್ಳಲ್ಲ. ಆ ಹತ್ತು ವರ್ಷದಲ್ಲಿ ಅವರು ಯಾವುದನ್ನು ಮುಂದಿಟ್ಟರು, ಯಾವುದನ್ನು ಪಕ್ಕಕ್ಕಿಟ್ಟರು, ಯಾವುದನ್ನು ಯಾರಿಗೂ ಬಿಟ್ಟುಕೊಡಲಿಲ್ಲ ಅನ್ನೋದೇ ಈ ಪ್ರಕರಣ. ರಾಮನ್ ಪರಿಣಾಮ, ನೊಬೆಲ್, ಬೆಂಗಳೂರಿನ ವರ್ಷಗಳು ಇವೆಲ್ಲ ಆಮೇಲಿನವು. ಕೆಲಸ ಬಿಡುವ ಹೊತ್ತಿಗೆ ಅವರ ಕೈಯಲ್ಲಿ ಇವ್ಯಾವುದೂ ಇರಲಿಲ್ಲ. ಫಲಿತಾಂಶ ಗೊತ್ತಿರುವ ನಾವು ಹಿಂದಿರುಗಿ ನೋಡಿದರೆ ಎಲ್ಲವೂ ಸರಾಗವಾಗಿ ಕಾಣುತ್ತದೆ. ಅದಕ್ಕೇ 1917ರ ಆಚೆಗೆ ಹೆಚ್ಚು ಹೋಗುವುದಿಲ್ಲ.

ಎದುರಿಗಿದ್ದ ದಾರಿಗಳು

ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ.ಎ., 1907ರ ಜನವರಿಯಲ್ಲಿ ಎಂ.ಎ. ಎರಡರಲ್ಲೂ ಎಲ್ಲರಿಗಿಂತ ಮುಂದೆ. ಎಂ.ಎ. ಮುಗಿಯುವ ಮೊದಲೇ, 1906ರ ನವೆಂಬರಿನಲ್ಲಿ, ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜೀನ್‌ನಲ್ಲಿ ಬೆಳಕಿನ ಬಗ್ಗೆ ಅವರ ಲೇಖನ ಅಚ್ಚಾಗಿತ್ತು. ತನಗೆ ಏನು ಇಷ್ಟ, ಏನು ಬರುತ್ತದೆ ಎಂಬ ಗೊಂದಲ ಈ ಹುಡುಗನಿಗೆ ಇರಲೇ ಇಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಹೆಚ್ಚು ಕಡಿಮೆ ಅದೇ ಹೊತ್ತಿಗೆ, 1908ರ ಜನವರಿಯಲ್ಲಿ, ಅಮೆರಿಕದ ಬಾಸ್ಟನ್‌ನಲ್ಲಿ ಫ್ರ್ಯಾಂಕ್ ಪಾರ್ಸನ್ಸ್ ಎಂಬವರು ಯುವಕರಿಗೆ ವೃತ್ತಿ ಸಲಹೆ ಕೊಡುವ ಕಚೇರಿಯೊಂದನ್ನು ತೆರೆದರು. ಇವತ್ತಿನ ಕೆರಿಯರ್ ಕೌನ್ಸೆಲಿಂಗ್‌ನ ಬೇರು ಅಲ್ಲಿದೆ. ಅವರ ಸೂತ್ರ ಸರಳ. ಮೊದಲು ನಿನ್ನನ್ನು ನೀನು ತಿಳಿದುಕೋ. ಆಮೇಲೆ ಕೆಲಸಗಳನ್ನು ತಿಳಿದುಕೋ. ಕೊನೆಗೆ ಎರಡನ್ನೂ ತಾಳೆ ಹಾಕು. ಇವತ್ತಿಗೂ ಹತ್ತನೇ ಕ್ಲಾಸಿನ ಮಕ್ಕಳಿಗೆ ಕೊಡುವ ಪ್ರಶ್ನಾವಳಿಗಳ ಹಿಂದೆ ಇರುವುದು ಇದೇ ಲೆಕ್ಕಾಚಾರ. ರಾಮನ್ ಆ ಕಚೇರಿಗೆ ಹೋಗಿದ್ದರೆ ಮೊದಲ ಹೆಜ್ಜೆಗೆ ಐದು ನಿಮಿಷ ಸಾಕಿತ್ತು. ಎಡವುತ್ತಿದ್ದದ್ದು ಎರಡನೆಯದರಲ್ಲಿ. ಭೌತವಿಜ್ಞಾನದ ಸಂಶೋಧಕ ಎಂಬ ಕೆಲಸ ಆಗ ಭಾರತೀಯ ಹುಡುಗನಿಗೆ ಇರಲೇ ಇಲ್ಲ ಅನ್ನಬಹುದು. ಇಲ್ಲದ ಕೆಲಸದ ಜೊತೆ ಆಸಕ್ತಿಯನ್ನು ತಾಳೆ ಹಾಕುವುದು ಹೇಗೆ?

ಇದ್ದ ದಾರಿಗಳು ಇವು. ಕಾಲೇಜು ಮೇಷ್ಟರಾಗಬಹುದಿತ್ತು. ಅಪ್ಪ ಆಗಲೇ ವಿಶಾಖಪಟ್ಟಣದ ಕಾಲೇಜಿನಲ್ಲಿ ಮೇಷ್ಟರು, ಆ ಬದುಕಿನ ಒಳಹೊರಗು ಮನೆಯಲ್ಲೇ ಕಂಡದ್ದು. ಸರ್ಕಾರಿ ಕಾಲೇಜುಗಳಲ್ಲಿ ಮೇಲಿನ ದರ್ಜೆ ಹೆಚ್ಚಾಗಿ ಯುರೋಪಿಯನ್ನರಿಗೆ ಮೀಸಲು. ಕೇಂಬ್ರಿಜ್‌ನಲ್ಲಿ ಓದಿ ಬಂದ ಜಗದೀಶಚಂದ್ರ ಬೋಸರಿಗೇ 1885ರಲ್ಲಿ ಕಲ್ಕತ್ತದಲ್ಲಿ ಕಡಿಮೆ ಸಂಬಳ ಗೊತ್ತುಮಾಡಿದ್ದರು. ಬೋಸ್ ಅದನ್ನು ಒಪ್ಪದೆ ಮೂರು ವರ್ಷ ಸಂಬಳ ಮುಟ್ಟದೆ ಪಾಠ ಮಾಡಿದರು. ಎಲ್ಲರ ಕೈಲೂ ಆಗುವ ಹಟ ಅಲ್ಲ ಅದು.

ಎರಡನೇ ದಾರಿ ಇಂಗ್ಲೆಂಡು. ಮೇಷ್ಟರುಗಳು ಹೋಗು ಅಂದರು. ವೈದ್ಯಕೀಯ ಪರೀಕ್ಷೆ ಮಾಡಿದ ಮದ್ರಾಸಿನ ಸರ್ಕಾರಿ ಡಾಕ್ಟರು, ಈ ಹುಡುಗನ ಮೈಗೆ ಅಲ್ಲಿಯ ಹವೆ ತಡೆಯದು ಅಂದುಬಿಟ್ಟರು. ಅಲ್ಲಿಗೆ ಐ.ಸಿ.ಎಸ್. ಕೂಡ ಮುಗಿಯಿತು, ಯಾಕೆಂದರೆ ಆ ಪರೀಕ್ಷೆ ಆಗ ನಡೆಯುತ್ತಿದ್ದದ್ದು ಇಂಗ್ಲೆಂಡಿನಲ್ಲೇ. ದೇಶ ಬಿಡದೆ ಬರೆಯಬಹುದಾದ ದೊಡ್ಡ ಪರೀಕ್ಷೆ ಅಂದರೆ ಹಣಕಾಸು ಇಲಾಖೆಯದು. ಅಣ್ಣ ಸುಬ್ರಹ್ಮಣ್ಯ ಅಯ್ಯರ್ ಅದೇ ಸಾಲಿನ ಕೆಲಸಕ್ಕೆ ಸೇರಿ ದಾರಿ ತೋರಿಸಿದ್ದರು. ರಾಮನ್ ಇತಿಹಾಸ, ಅರ್ಥಶಾಸ್ತ್ರದಂಥ ವಿಷಯಗಳನ್ನು ಹೊಸದಾಗಿ ಓದಿ ಬರೆದರು. ಮೊದಲ ಸ್ಥಾನ ಬಂತು. ಆ ವರ್ಷವೇ ಲೋಕಸುಂದರಿ ಅವರೊಡನೆ ಮದುವೆ. ಆ ವರ್ಷವೇ ಕಲ್ಕತ್ತದಲ್ಲಿ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್.

ಲಿಂಡಾ ಗಾಟ್‌ಫ್ರೆಡ್ಸನ್ ಎಂಬ ಮನಶ್ಶಾಸ್ತ್ರಜ್ಞೆ 1981ರಲ್ಲಿ ಒಂದು ವಾದ ಮುಂದಿಟ್ಟರು. ಬೇಕಾದ್ದು ಸಿಗದೆ ರಾಜಿಯಾಗಬೇಕಾಗಿ ಬಂದಾಗ ಜನ ಮೊದಲು ಕೈಬಿಡುವುದು ಆಸಕ್ತಿಯನ್ನು, ಅಂತಸ್ತನ್ನು ಅಷ್ಟು ಸುಲಭಕ್ಕೆ ಬಿಡಲ್ಲ ಅಂತ. ಈ ವಾದವನ್ನು ಪೂರ್ತಿ ಒಪ್ಪದವರೂ ಇದ್ದಾರೆ. ಆದರೂ 1907ರ ಈ ಆಯ್ಕೆಗೆ ಅದು ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ಭೌತವಿಜ್ಞಾನ ಹೋಯಿತು, ದರ್ಜೆ ಉಳಿಯಿತು. ಮನೆಯಲ್ಲಿ ಯಾರಿಗೂ ಬೇಜಾರಾಗಲಿಲ್ಲ. ಅಂದಿನ ಲೆಕ್ಕದಲ್ಲಿ ಹದಿನೆಂಟರ ಹುಡುಗನೊಬ್ಬ ಗೆದ್ದಿದ್ದ.

ಬೌಬಜಾರ್‌ನ ಬೋರ್ಡು

ಇಲ್ಲಿಂದ ಮುಂದಿನದು ಪುಸ್ತಕಗಳಲ್ಲೆಲ್ಲ ಬರುವ ಘಟನೆ. ಟ್ರಾಮ್‌ನಲ್ಲಿ ಹೋಗುವಾಗ 210, ಬೌಬಜಾರ್ ಸ್ಟ್ರೀಟ್ ಎಂಬ ಕಟ್ಟಡದ ಮೇಲೆ ಒಂದು ಬೋರ್ಡು ಕಾಣುತ್ತದೆ: ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್. ರಾಮನ್ ಇಳಿದು ಹೋಗಿ ಬಾಗಿಲು ತಟ್ಟುತ್ತಾರೆ. ಅಶುತೋಷ್ ದೇ ಎಂಬ ಸಹಾಯಕ ಬಾಗಿಲು ತೆಗೆಯುತ್ತಾರೆ. ಕಾರ್ಯದರ್ಶಿ ಅಮೃತಲಾಲ್ ಸರ್ಕಾರ್, ಬನ್ನಿ, ನಿಮ್ಮಂಥವರಿಗೇ ಕಾಯ್ತಿದ್ದೆವು ಎಂಬಂತೆ ಬರಮಾಡಿಕೊಳ್ಳುತ್ತಾರೆ.

ಸುಮ್ನೆ ಅದೃಷ್ಟ ಅಂದುಬಿಡಬಹುದು. ಅಷ್ಟಕ್ಕೇ ನಿಲ್ಲಿಸಿದರೆ ಪ್ರಕರಣದ ಒಂದು ಮುಖ್ಯ ಭಾಗ ತಪ್ಪಿಹೋಗುತ್ತದೆ.

ಆ ಸಂಸ್ಥೆಯನ್ನು ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಕಟ್ಟಿದ್ದರು. ಚಂದಾ ಎತ್ತಿ, ಕಟ್ಟಡ ಮಾಡಿ, ಉಪಕರಣ ತರಿಸಿ, ಭಾರತೀಯರು ಇಲ್ಲಿ ಸ್ವಂತ ಸಂಶೋಧನೆ ಮಾಡಲಿ ಅಂತ ಆಸೆಪಟ್ಟಿದ್ದರು. ಉಪನ್ಯಾಸಗಳು ನಡೆದವು. ಪೂರ್ತಿ ಹೊತ್ತು ಕೂತು ಸಂಶೋಧನೆ ಮಾಡುವವರು ಬರಲಿಲ್ಲ. 1904ರಲ್ಲಿ ಆ ಕೊರಗಿನಲ್ಲೇ ತೀರಿಕೊಂಡರು. ರಾಮನ್ ಬಾಗಿಲು ತಟ್ಟಿದಾಗ ಅಲ್ಲಿ ಜಾಗವಿತ್ತು, ಕೆಲವು ಉಪಕರಣಗಳಿದ್ದವು, ಕೀಲಿ ಕೊಡಲು ಸಿದ್ಧವಿದ್ದ ಜನರಿದ್ದರು. ಬೇರೆಯವರು ಮೂವತ್ತು ವರ್ಷ ಹಾಕಿದ ದುಡಿಮೆ ಅದು. ಬಂದವನ ಅದೃಷ್ಟ ಅಂತ ನಾವು ಕರೆಯುವುದರಲ್ಲಿ ಅರ್ಧಕ್ಕರ್ಧ ಇಂಥ ಅಡಿಪಾಯವೇ ಇರುತ್ತದೆ.

ಇನ್ನರ್ಧ ಬಂದವನದು. ಆ ಬೋರ್ಡು ಅಲ್ಲಿ ವರ್ಷಗಳಿಂದ ಇತ್ತು. ಟ್ರಾಮ್‌ನಲ್ಲಿ ದಿನಾ ಸಾವಿರಾರು ಜನ ಓಡಾಡುತ್ತಿದ್ದರು. ವೃತ್ತಿ ಸಲಹೆಯ ಲೋಕದಲ್ಲಿ ಜಾನ್ ಕ್ರಂಬೋಲ್ಟ್ಸ್ ಮತ್ತು ಜೊತೆಗಾರರು 1999ರಲ್ಲಿ ಬರೆದ ಲೇಖನವೊಂದು ಇದನ್ನೇ ಹೇಳುತ್ತದೆ. ಆಕಸ್ಮಿಕವನ್ನು ತಡೆಯುವ ಬದಲು ಅದಕ್ಕೆ ತಯಾರಾಗಿರುವುದನ್ನು ಜನರಿಗೆ ಕಲಿಸಬೇಕು. ಕುತೂಹಲ, ಪಟ್ಟುಹಿಡಿಯುವುದು, ಬೇಕಾದಾಗ ಬಗ್ಗುವುದು, ಆಗುತ್ತದೆ ಎಂಬ ನಂಬಿಕೆ, ಸ್ವಲ್ಪ ಅಪಾಯಕ್ಕೆ ಒಡ್ಡಿಕೊಳ್ಳುವುದು, ಈ ಐದು ಬೇಕು ಅಂತ ಅವರ ಲೆಕ್ಕ. ಇದರಲ್ಲಿ ಬಾಗಿಲು ತಟ್ಟಿಸಿದ್ದು ಕುತೂಹಲ. ಮುಂದಿನ ಹತ್ತು ವರ್ಷ ನಡೆಸಿದ್ದು ಪಟ್ಟು. ಮೊದಲನೆಯದಕ್ಕೆ ಐದು ನಿಮಿಷ ಸಾಕು, ಎರಡನೆಯದು ಹೆಚ್ಚು ಬೆಲೆ ಕೇಳುತ್ತದೆ.

ಬೆಳಗಿನ ಐದೂವರೆ

ಆ ಬೆಲೆ ಎಷ್ಟು ಅನ್ನುವುದಕ್ಕೆ ಲೋಕಸುಂದರಿ ಅವರ ನೆನಪುಗಳೇ ಸಾಕ್ಷಿ. ಬೆಳಿಗ್ಗೆ ಐದೂವರೆಗೆ ಅಸೋಸಿಯೇಷನ್‌ಗೆ. ಹತ್ತಕ್ಕೆ ಹದಿನೈದು ನಿಮಿಷ ಇರುವಾಗ ವಾಪಸ್ಸು. ಸ್ನಾನ, ಗಬಗಬ ಊಟ, ಹೊತ್ತಾಗಿರುತ್ತಿದ್ದರಿಂದ ಬಾಡಿಗೆ ಗಾಡಿ ಹಿಡಿದು ಆಫೀಸು. ಸಂಜೆ ಐದಕ್ಕೆ ಆಫೀಸಿನಿಂದ ನೇರ ಅಸೋಸಿಯೇಷನ್. ಮನೆಗೆ ಬರುವಾಗ ರಾತ್ರಿ ಒಂಬತ್ತೂವರೆ, ಹತ್ತು. ಭಾನುವಾರ ಇಡೀ ದಿನ ಅಲ್ಲೇ.

ಈ ದಿನಚರಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಇದರಲ್ಲಿ ಮೂರು ವಿಷಯ ಅಡಗಿವೆ.

ಒಂದು, ಆಫೀಸು ಹತ್ತಕ್ಕೆ ಶುರು, ಐದಕ್ಕೆ ಮುಗಿತು. ಅಂದಿನ ಹಿರಿಯ ಸರ್ಕಾರಿ ಕೆಲಸ ಮನೆಗೆ ಹಿಂಬಾಲಿಸಿ ಬರುತ್ತಿರಲಿಲ್ಲ. ರಾತ್ರಿ ಹತ್ತಕ್ಕೆ ಫೋನಿನಲ್ಲಿ ಮೆಸೇಜು ಇಲ್ಲ. ಇವತ್ತು ಯಾರಾದರೂ ರಾಮನ್ ಉದಾಹರಣೆ ಕೊಟ್ಟು, ನೌಕರಿ ಜೊತೆಗೇ ನಿನ್ನ ಕನಸೂ ಇಟ್ಟುಕೋ ಅಂದರೆ, ಮೊದಲು ಕೇಳಬೇಕಾದ್ದು ಆ ನೌಕರಿ ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ. ಸಂಬಳವನ್ನೆಲ್ಲ ನೋಡುತ್ತೇವೆ. ಕೆಲಸ ಮುಗಿದ ಮೇಲೆ ಉಳಿಯುವ ಹೊತ್ತನ್ನು ಆಫರ್ ಲೆಟರಿನಲ್ಲಿ ಯಾರೂ ಹುಡುಕಲ್ಲ.

ಎರಡು, ಅವರು ಆರಿಸಿಕೊಂಡ ಪ್ರಶ್ನೆಗಳು. ಆ ವರ್ಷಗಳ ಕೆಲಸದಲ್ಲಿ ದೊಡ್ಡ ಪಾಲು ಕಂಪನ ಮತ್ತು ಶಬ್ದದ್ದು. ಮಿಡಿದ ತಂತಿ, ಕಮಾನು ಎಳೆದ ಪಿಟೀಲು, ಶ್ರುತಿಕವೆ (ಟ್ಯೂನಿಂಗ್ ಫೋರ್ಕ್). ತಂತಿಯ ಒಂದು ತುದಿಯನ್ನು ಶ್ರುತಿಕವೆಗೆ ಕಟ್ಟಿ, ಬಿಗಿ ಹೆಚ್ಚು ಕಡಿಮೆ ಮಾಡುತ್ತ, ಅದು ಯಾವಾಗ ಹೇಗೆ ಆಡುತ್ತದೆ ಅಂತ ಫೋಟೋ ತೆಗೆಯುವುದು. ಇದಕ್ಕೆ ದುಬಾರಿ ಯಂತ್ರ ಬೇಡ. ರಾತ್ರಿ ಹತ್ತಕ್ಕೆ ನಿಲ್ಲಿಸಿ ಬೆಳಿಗ್ಗೆ ಐದೂವರೆಗೆ ಮತ್ತೆ ಶುರು ಮಾಡಬಹುದು. ಅವರಿಗೆ ಸಂಗೀತದ ಮೇಲೆ ಒಲವಿತ್ತು ನಿಜ. ಆದರೆ ಕೈಗೆ ಸಿಗುವ ಹೊತ್ತು, ಕೈಗೆ ಸಿಗುವ ಸಾಮಾನು, ಈ ಎರಡಕ್ಕೂ ಹೊಂದುವ ಪ್ರಶ್ನೆಯನ್ನೇ ಹಿಡಿದರು ಅನ್ನೋದು ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಪಾರ್ಟ್ ಟೈಮ್ ಆಸಕ್ತಿಗಳು ಸಾಯುವುದು ಬಹಳ ಸಲ ಇಲ್ಲೇ. ಪೂರ್ತಿ ಹೊತ್ತು ಬೇಡುವ ಕೆಲಸವನ್ನು ಸಂಜೆಯ ಎರಡು ಗಂಟೆಯಲ್ಲಿ ಮಾಡಲು ಹೋಗಿ ಆರು ತಿಂಗಳಲ್ಲಿ ಸುಸ್ತಾಗುತ್ತೇವೆ.

ಮೂರು, ಲೋಕಸುಂದರಿ. ಹದಿಹರೆಯದಲ್ಲಿ ಮದುವೆಯಾಗಿ, ಗೊತ್ತಿಲ್ಲದ ಊರಿಗೆ, ಗೊತ್ತಿಲ್ಲದ ಭಾಷೆಯ ನಡುವೆ ಬಂದವರು. ಗಂಡ ಮನೆಯಲ್ಲಿ ಎಚ್ಚರವಾಗಿರುತ್ತಿದ್ದದ್ದು ದಿನಕ್ಕೆ ಒಂದೆರಡು ಗಂಟೆ. ಮನೆ ನಡೆಸುವುದು, ಜನರನ್ನು ನೋಡಿಕೊಳ್ಳುವುದು, ಆಮೇಲೆ ಬರುವ ಸಂಬಳ ಕಡಿತವನ್ನು ತೂಗಿಸುವುದು ಎಲ್ಲ ಅವರದೇ. ರಾಮನ್ ಕತೆಯಲ್ಲಿ 'ತ್ಯಾಗ' ಅನ್ನುವ ಪದವನ್ನು ಬಳಸಲೇಬೇಕು ಅಂತಿದ್ದರೆ ಮೊದಲು ಬಳಸಬೇಕಾದ್ದು ಈ ಮನೆಯ ಬಾಗಿಲಲ್ಲಿ. ವೃತ್ತಿಯ ಆದ್ಯತೆ ಅಂದಾಗ ನಾವು ಒಬ್ಬರ ಆದ್ಯತೆ ಅಂತಲೇ ಮಾತಾಡುತ್ತೇವೆ. ಆ ಪಟ್ಟಿಗೆ ಜಾಗ ಮಾಡಿಕೊಡಲು ಇನ್ನೊಬ್ಬರ ಪಟ್ಟಿ ಮಡಚಿ ಇಡಬೇಕಾಗಿರುತ್ತದೆ.

ಹೀಗೆ ನಡೆದ ಕೆಲಸದ ಫಲ ಹವ್ಯಾಸಿಯ ಮಟ್ಟದ್ದಾಗಿರಲಿಲ್ಲ. ಕಲ್ಕತ್ತಕ್ಕೆ ಬಂದ 1907ರಲ್ಲೇ ನೇಚರ್ ಪತ್ರಿಕೆಯಲ್ಲಿ ಲೇಖನ ಬಂತು. ಹತ್ತು ವರ್ಷದಲ್ಲಿ ಎರಡು ಡಜನ್‌ಗೂ ಹೆಚ್ಚು ಸಂಶೋಧನಾ ಲೇಖನಗಳು. 1912ರಲ್ಲಿ ಕರ್ಜನ್ ಬಹುಮಾನ, 1913ರಲ್ಲಿ ವುಡ್‌ಬರ್ನ್ ಪದಕ. ಇಷ್ಟರ ಜೊತೆಗೆ ಆಫೀಸಿನ ಕೆಲಸದಲ್ಲೂ ಹೆಸರು ಚೆನ್ನಾಗಿತ್ತು, ಇಲಾಖೆಯ ಒಳ್ಳೆಯ ಅಧಿಕಾರಿಗಳಲ್ಲಿ ಒಬ್ಬರು ಅಂತ ಮೇಲಿನವರೇ ಹೇಳುತ್ತಿದ್ದರು. ಇದು ಮುಖ್ಯ. ಕಾಟಾಚಾರಕ್ಕೆ ಕೆಲಸ ಮಾಡಿ, ಬೈಸಿಕೊಂಡು, ಬೇಸತ್ತು ಓಡಿಹೋದವರಲ್ಲ.

ವರ್ಗಾವಣೆ

ಸುಖವಾಗಿ ಹೀಗೇ ನಡೆದುಬಿಟ್ಟಿದ್ದರೆ ರಾಮನ್ ನಿವೃತ್ತಿಯವರೆಗೂ ಲೆಕ್ಕಪತ್ರದಲ್ಲೇ ಇರುತ್ತಿದ್ದರೋ ಏನೋ. ಇಲಾಖೆ ಅವರನ್ನು 1909ರಲ್ಲಿ ರಂಗೂನಿಗೆ ಹಾಕಿತು. ಆಮೇಲೆ ನಾಗಪುರ. ಅಲ್ಲಿ ಬೌಬಜಾರ್ ಇಲ್ಲ. ಮನೆಯ ಒಂದು ಭಾಗದಲ್ಲೇ ಸಾಮಾನು ಜೋಡಿಸಿಕೊಂಡು ಪ್ರಯೋಗ ಮುಂದುವರಿಸಿದರು. 1911ರಲ್ಲಿ ಅಂಚೆ–ತಂತಿಯ ಲೆಕ್ಕಪತ್ರ ವಿಭಾಗಕ್ಕೆ ಅಂತ ಕಲ್ಕತ್ತಕ್ಕೆ ವಾಪಸ್ಸಾದರು.

ಈ ಎರಡು ವರ್ಷ ಜೀವನಚರಿತ್ರೆಗಳಲ್ಲಿ ಒಂದು ಪ್ಯಾರಾದಲ್ಲಿ ಮುಗಿದುಹೋಗುತ್ತವೆ. ಪ್ರಕರಣವಾಗಿ ನೋಡಿದರೆ ನನಗೆ ತಿರುವು ಕಾಣುವುದು ಇಲ್ಲೇ. ಭದ್ರತೆಯ ಕೆಲಸಕ್ಕೆ ಇರುವ ಬೆಲೆ ಇಲ್ಲಿ ಮೊದಲ ಸಲ ಕೈಗೆ ಬರುತ್ತದೆ. ತಿಂಗಳ ಸಂಬಳ ಗಟ್ಟಿ, ಪಿಂಚಣಿ ಗಟ್ಟಿ, ಆದರೆ ಮುಂದಿನ ವರ್ಷ ಯಾವ ಊರಲ್ಲಿರುತ್ತೀಯ ಅನ್ನುವುದು ಇನ್ನೊಬ್ಬರ ಕೈಯಲ್ಲಿ. ಬೆಳಗಿನ ಐದೂವರೆಯ ಇಡೀ ಏರ್ಪಾಡು ಒಂದು ಆರ್ಡರಿನ ಕಾಗದದ ಮೇಲೆ ನಿಂತಿದೆ. ದರ್ಜೆ ಏರಿದಷ್ಟೂ ಹೊಣೆ ಜಾಸ್ತಿ, ಹೊಣೆ ಜಾಸ್ತಿಯಾದಷ್ಟೂ ಸಂಜೆಗಳು ಕಡಿಮೆ. ಮೊದಲ ವರ್ಷ ಆಸಕ್ತಿಗೆ ನೆರಳಾಗಿದ್ದ ಕೆಲಸವೇ ಐದಾರು ವರ್ಷದಲ್ಲಿ ಅದರ ಎದುರಾಳಿಯಾಗುತ್ತದೆ. ಕೆಲಸ ಅದೇ, ಮನುಷ್ಯ ಅವನೇ.

ಬಂದ ಆಹ್ವಾನ, ಹಾಕಿದ ಷರತ್ತು

ಕಲ್ಕತ್ತ ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದ ಅಶುತೋಷ್ ಮುಖರ್ಜಿ ಹೈಕೋರ್ಟ್ ನ್ಯಾಯಾಧೀಶರು, ಗಣಿತದ ಹುಚ್ಚಿನವರು. ತಾರಕನಾಥ ಪಾಲಿತ್ ಮತ್ತು ರಾಸಬಿಹಾರಿ ಘೋಷ್ ಎಂಬ ಇಬ್ಬರು ವಕೀಲರ ದೊಡ್ಡ ದಾನದಿಂದ ವಿಶ್ವವಿದ್ಯಾಲಯದ ಸೈನ್ಸ್ ಕಾಲೇಜು ಶುರುವಾಗುತ್ತಿತ್ತು. 1914ರ ಮಾರ್ಚ್‌ನಲ್ಲಿ ಅಡಿಗಲ್ಲು ಬಿತ್ತು. ಭೌತವಿಜ್ಞಾನದ ಪಾಲಿತ್ ಪೀಠಕ್ಕೆ, ಅಂದರೆ ಪಾಲಿತ್ ಹೆಸರಿನ ಪ್ರೊಫೆಸರ್ ಹುದ್ದೆಗೆ, ಮುಖರ್ಜಿ ಕರೆದದ್ದು ಲೆಕ್ಕಪತ್ರ ಇಲಾಖೆಯ ಈ ಅಧಿಕಾರಿಯನ್ನು.

ಅವರಿಗೆ ಇವರು ಗೊತ್ತಾದದ್ದು ಆಫೀಸಿನ ಮೂಲಕ ಅಲ್ಲ, ಅಸೋಸಿಯೇಷನ್ ಸುತ್ತಲಿನ ವಿಜ್ಞಾನದ ಬಳಗದ ಮೂಲಕ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲಿ ಬರೆದ ಹೆಸರಾಂತ ಲೇಖನದ ತಿರುಳು ಇದೇ. ಹೊಸ ಕೆಲಸದ ಸುದ್ದಿ ಬಹಳ ಸಲ ಬರುವುದು ದಿನಾ ಮುಖ ನೋಡುವವರಿಂದಲ್ಲ, ಅಪರೂಪಕ್ಕೆ ಸಿಗುವವರಿಂದ. ದಿನಾ ಜೊತೆಗಿರುವವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ಅಲ್ವಾ? ಬೌಬಜಾರ್‌ನಲ್ಲಿ ಕಳೆದ ಸಂಜೆಗಳು ಲೇಖನಗಳ ಜೊತೆಗೆ ಇಂಥ ಪರಿಚಯಗಳನ್ನೂ ತಂದಿದ್ದವು.

ಸಂಬಳದ ಲೆಕ್ಕ ಸಾಮಾನ್ಯವಾಗಿ ಹೀಗೆ ಹೇಳುತ್ತಾರೆ: ಇಲಾಖೆಯಲ್ಲಿ ತಿಂಗಳಿಗೆ 1,100 ರೂಪಾಯಿ, ಪೀಠದಲ್ಲಿ 600. ಹೆಚ್ಚು ಕಡಿಮೆ ಅರ್ಧ. ಮುಂದೆ ಸಿಗಬಹುದಾಗಿದ್ದ ಬಡ್ತಿಗಳೂ ಹೋದವು. ಮುಖರ್ಜಿ ಅದನ್ನು ಬಹಿರಂಗವಾಗಿ ಹೊಗಳಿದರು. ಲಾಭದ ಸರ್ಕಾರಿ ಹುದ್ದೆ ಬಿಟ್ಟು, ಅಷ್ಟೇನೂ ಧಾರಾಳವಲ್ಲದ ಸಂಬಳಕ್ಕೆ ಬರುವ ಧೈರ್ಯ ಮತ್ತು ತ್ಯಾಗ ಅಂತ. ಚಪ್ಪಾಳೆಯ ಕತೆ ಹುಟ್ಟಿದ್ದು ಅಲ್ಲಿಂದಲೇ ಇರಬೇಕು.

ಪಾಲಿತ್ ಅವರ ದಾನಪತ್ರದಲ್ಲಿ ಒಂದು ತೊಡಕಿತ್ತು. ಪೀಠಕ್ಕೆ ಬರುವವರು ವಿದೇಶದಲ್ಲಿ ತರಬೇತಿ ಪಡೆದಿರಬೇಕು ಎಂಬ ಷರತ್ತು. ರಾಮನ್ ವಿದೇಶ ಕಂಡವರಲ್ಲ. ಹೋಗಿಬನ್ನಿ ಅಂದರೆ, ತರಬೇತಿಗೆ ಅಂತ ಹೋಗುವುದಿಲ್ಲ ಅಂದರು. ಸಂಬಳ ಅರ್ಧವಾಗುವುದಕ್ಕೆ ತಕರಾರಿಲ್ಲ, ಇದಕ್ಕೆ ಮಾತ್ರ ಇಲ್ಲ. ಕೊನೆಗೆ ಬಗ್ಗಿದ್ದು ಷರತ್ತು. ಪಾಠ ಮಾಡುವುದು ಕಡ್ಡಾಯವಲ್ಲ, ಸಂಶೋಧನೆಯೇ ಮುಖ್ಯ ಅಂತಲೂ ಏರ್ಪಾಡಾಯಿತು. ಕಡ್ಡಾಯವಲ್ಲದ ಪಾಠವನ್ನು ಅವರು ಆಮೇಲೆ ಬೇಕಂತಲೇ ಮಾಡಿದರು, ಅದು ಬೇರೆ ಮಾತು. ಬೌಬಜಾರ್‌ನ ಕೆಲಸವನ್ನೂ ಬಿಡಲಿಲ್ಲ. 1917ರ ಜುಲೈನಲ್ಲಿ ಪೀಠಕ್ಕೆ ಬಂದರು.

ಯಾವುದನ್ನು ಬಿಡಲಿಲ್ಲ

ಎಂ.ಐ.ಟಿ.ಯ ಎಡ್ಗರ್ ಶೈನ್ 1961ರಿಂದ 1963ರವರೆಗೆ ಪದವಿ ಪಡೆದ 44 ಜನರನ್ನು ಹತ್ತು ವರ್ಷದ ಮೇಲೆ ಮತ್ತೆ ಮಾತಾಡಿಸಿದರು. ಓದು ಮುಗಿಸುವಾಗ ಇವರು ಹೇಳಿದ್ದ ಗುರಿಗಳಿಂದ ಮುಂದೆ ಏನಾದರು ಅನ್ನೋದನ್ನು ಊಹಿಸಲು ಆಗುತ್ತಿರಲಿಲ್ಲ. ಆದರೆ ಕೆಲಸ ಬದಲಿಸಿದಾಗೆಲ್ಲ ಅವರು ಕೊಟ್ಟ ಕಾರಣಗಳಲ್ಲಿ ಒಂದು ಎಳೆ ಇತ್ತು. ಹೊಂದದ ಜಾಗಕ್ಕೆ ಹೋದವರು ತಮಗೆ ಹೊಂದುವ ಯಾವುದೋ ಒಂದಕ್ಕೆ ವಾಪಸ್ಸು ಎಳೆಯಲ್ಪಡುತ್ತಿದ್ದರು. ಶೈನ್ ಅದಕ್ಕೆ ಲಂಗರು ಅಂತ ಹೆಸರಿಟ್ಟರು. ಮೊದಲು ಐದು ಬಗೆ ಗುರುತಿಸಿದರು, ಆಮೇಲೆ ಎಂಟಾಯಿತು. ಕಸುಬಿನ ಪರಿಣತಿ, ಆಡಳಿತ, ಸ್ವಾತಂತ್ರ್ಯ, ಭದ್ರತೆ, ಹೊಸದನ್ನು ಕಟ್ಟುವುದು, ಸೇವೆ, ಸವಾಲು, ಬದುಕಿನ ಹದ. ಕೆಲಸ ಮಾಡಿ ನೋಡದೆ ನಿನ್ನ ಲಂಗರು ಯಾವುದು ಅಂತ ನಿನಗೇ ಗೊತ್ತಾಗಲ್ಲ ಅನ್ನೋದು ಅವರ ವಾದದಲ್ಲಿ ನನಗೆ ತುಂಬ ಹಿಡಿಸಿದ ಮಾತು.

ರಾಮನ್‌ಗೆ ಇದನ್ನು ಹಚ್ಚಿ ನೋಡಿದರೆ ಸುಲಭದ ಉತ್ತರ ಪರಿಣತಿ ಅಂತ. ಭೌತವಿಜ್ಞಾನಿ ತಾನೇ? ನನಗೆ ಹಾಗನ್ನಿಸಲ್ಲ. ಪರಿಣತಿಯೇ ಎಲ್ಲಕ್ಕಿಂತ ಮೇಲಿದ್ದರೆ ಖರ್ಚಿಲ್ಲದೆ ವಿದೇಶದ ದೊಡ್ಡ ಪ್ರಯೋಗಾಲಯ ನೋಡಿ ಬರುವ ಅವಕಾಶವನ್ನು ತಳ್ಳಿಹಾಕುತ್ತಿರಲಿಲ್ಲ. ಹತ್ತು ವರ್ಷದ ಆಯ್ಕೆಗಳನ್ನು ಸಾಲಾಗಿ ಇಟ್ಟರೆ ಬಿಟ್ಟುಕೊಟ್ಟದ್ದರ ಪಟ್ಟಿ ಉದ್ದವಿದೆ: ನಿದ್ದೆ, ಮನೆಯ ಸಂಜೆಗಳು, ಸಂಬಳ, ಬಡ್ತಿ. ಬಿಟ್ಟುಕೊಡದೇ ಇದ್ದದ್ದು ಒಂದೇ. ತನ್ನ ಕೆಲಸ ಏನು, ಅದನ್ನು ಹೇಗೆ ಮಾಡಬೇಕು ಅಂತ ತಾನೇ ತೀರ್ಮಾನಿಸುವುದು. ಟ್ಯೂಷನ್ ಇಲ್ಲದೆ, ಗೈಡ್ ಇಲ್ಲದೆ ಬೌಬಜಾರ್‌ನಲ್ಲಿ ಕೂತದ್ದು ಅದಕ್ಕೇ ಹೊಂದುತ್ತದೆ. ತರಬೇತಿಗೆ ಹೋಗುವುದಿಲ್ಲ ಅಂದದ್ದೂ ಹೊಂದುತ್ತದೆ. ಶೈನ್ ಪಟ್ಟಿಯಲ್ಲಿ ಅದು ಸ್ವಾತಂತ್ರ್ಯ. ಮುಂದೆ ಸಂಸ್ಥೆಗಳ ಜೊತೆ ಅವರಿಗೆ ಆದ ತಿಕ್ಕಾಟಗಳನ್ನು ಓದಿದವರಿಗೆ ಇದು ಹೊಸದಾಗಿ ಕಾಣಲಾರದು.

ಹಾಗಾದರೆ 1907ರಲ್ಲಿ ಭದ್ರತೆ ಆರಿಸಿಕೊಂಡದ್ದು ತಪ್ಪಾ? ಅಲ್ಲವೇ ಅಲ್ಲ. ಆ ಸಂಬಳವೇ ಅವರಿಗೆ ಸ್ವಾತಂತ್ರ್ಯ ಕೊಂಡುಕೊಟ್ಟಿತು. ಅಸೋಸಿಯೇಷನ್‌ನಲ್ಲಿ ಅವರು ಯಾರ ಸಂಬಳದಾಳೂ ಆಗಿರಲಿಲ್ಲ. ಯಾವ ಪ್ರಶ್ನೆ ಹಿಡಿಯಬೇಕು ಅಂತ ಕೇಳುವವರಿರಲಿಲ್ಲ. ಇಪ್ಪತ್ತರ ಹರೆಯದಲ್ಲಿ ಕಾಲೇಜು ಮೇಷ್ಟರಾಗಿ ಸೇರಿದ್ದರೆ ಪಾಠ, ಪರೀಕ್ಷೆ, ಪ್ರಿನ್ಸಿಪಾಲರ ಮರ್ಜಿ ಇವುಗಳ ನಡುವೆ ಇಷ್ಟು ಬಿಡುವು ಸಿಗುತ್ತಿತ್ತೋ ಇಲ್ಲವೋ. ವಿಷಯಕ್ಕೆ ಹತ್ತಿರವಿರುವ ಕೆಲಸ ವಿಷಯದಿಂದ ದೂರ ಒಯ್ಯುವುದುಂಟು. ಏನೂ ಸಂಬಂಧವಿಲ್ಲದ ಕೆಲಸ ಅದನ್ನು ಕಾಪಾಡುವುದೂ ಉಂಟು. ಬರೆಯುವ ಆಸೆಗೆ ಪತ್ರಿಕೆ ಸೇರಿ ಬರೆಯುವುದನ್ನೇ ಬಿಟ್ಟವರನ್ನು ಕೇಳಿ ನೋಡಿ.

1917ರಲ್ಲಿ ಆದದ್ದು ಭದ್ರತೆಯನ್ನು ಎಸೆದದ್ದಲ್ಲ. 600 ರೂಪಾಯಿಯ ಕಾಯಂ ಪೀಠವೂ ಭದ್ರತೆಯೇ. ಹತ್ತು ವರ್ಷದ ಲೇಖನಗಳು ಕೈಯಲ್ಲಿದ್ದವು, ಪದಕಗಳಿದ್ದವು, ತಾನು ಏನು ಮಾಡಬಲ್ಲೆ ಅನ್ನುವುದಕ್ಕೆ ಪುರಾವೆಯಿತ್ತು. ಬೇಡ ಅನ್ನುವ ಧೈರ್ಯ ಬಂದದ್ದು ಇಲಾಖೆಯ ಕುರ್ಚಿ ಇನ್ನೂ ತನ್ನದೇ ಆಗಿದ್ದರಿಂದ. ಕೆಲಸವಿಲ್ಲದವನು ಷರತ್ತು ಹಾಕಲಾರ. ಕತೆ ಹೇಳುವವರು 'ಧುಮುಕಿದರು' ಅನ್ನುತ್ತಾರೆ. ನನಗೆ ಕಾಣುವುದು, ಆಚೆ ದಡದಲ್ಲಿ ಕಾಲಿಟ್ಟ ಮೇಲೆ ಈಚೆ ದಡದ ಕಾಲನ್ನು ಎತ್ತಿದ ಮನುಷ್ಯ.

ಪ್ರಕರಣದ ಮಿತಿ

ಒಂದೇ ಬದುಕಿನಿಂದ ನಿಯಮ ಮಾಡಬಾರದು, ಅದೂ ಗೆದ್ದವರ ಬದುಕಿನಿಂದ. ಬೆಳಿಗ್ಗೆ ಐದೂವರೆಗೆ ಎದ್ದವರೆಲ್ಲರ ಹೆಸರೂ ಪುಸ್ತಕಕ್ಕೆ ಬರುವುದಿಲ್ಲ. ಅಷ್ಟೇ ಆಸಕ್ತಿಯಿದ್ದು, ರಂಗೂನಿಗೆ ವರ್ಗವಾಗಿ ಅಲ್ಲೇ ಉಳಿದವರೂ ಇರುತ್ತಾರೆ. ಮುಖರ್ಜಿಯಂಥವರು ಎಲ್ಲ ಊರಲ್ಲೂ ಎಲ್ಲ ಕಾಲದಲ್ಲೂ ಸಿಗಲ್ಲ.

ಇನ್ನೊಂದು ಎಚ್ಚರವೂ ಬೇಕು. ಎಲ್ಲರಿಗೂ ಬೌಬಜಾರ್ ಇರಲೇಬೇಕು ಅಂತಿಲ್ಲ. ಏಮಿ ರೆಸ್ನಿಯೆವ್‌ಸ್ಕಿ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 196 ಕೆಲಸಗಾರರನ್ನು ಕೇಳಿದರು. ಕೆಲಸ ಅಂದರೆ ಸಂಬಳ ಅನ್ನುವವರು, ಕೆಲಸ ಅಂದರೆ ಮೇಲೇರುವುದು ಅನ್ನುವವರು, ಕೆಲಸವೇ ಬದುಕಿನ ಕರೆ ಅನ್ನುವವರು ಹೆಚ್ಚು ಕಡಿಮೆ ಸಮಸಮ ಸಿಕ್ಕರು. ಒಂದೇ ಬಗೆಯ ಆಫೀಸ್ ಸಹಾಯಕರ ಕೆಲಸ ಮಾಡುವ 24 ಜನರಲ್ಲೂ ಈ ಮೂರೂ ಗುಂಪು ಇದ್ದವು. ಸಂಬಳಕ್ಕೆ ಅಂತ ಕೆಲಸ ಮಾಡಿ, ಸಂಜೆ ಮನೆಗೆ ಬಂದು ಮಕ್ಕಳ ಜೊತೆ ಕೂರುವವರ ಆದ್ಯತೆಯೂ ಆದ್ಯತೆಯೇ. ಹತ್ತು ವರ್ಷ ರಾತ್ರಿ ಹತ್ತಕ್ಕೆ ಮನೆಗೆ ಬಂದವರನ್ನು ಆದರ್ಶ ಮಾಡುವ ಮೊದಲು ಆ ಮನೆಯಲ್ಲಿ ಕಾಯುತ್ತಿದ್ದವರನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇದೇ ಮನೆತನದಲ್ಲಿ ಇದೇ ಪ್ರಶ್ನೆ ಇನ್ನೊಮ್ಮೆ ಎದ್ದಿತು. ರಾಮನ್ ಅವರನ್ನು ಹಣಕಾಸಿನ ದಾರಿಗೆ ತಂದ ಅಣ್ಣ ಸುಬ್ರಹ್ಮಣ್ಯ ಅಯ್ಯರ್ ಅವರ ಮಗ ಚಂದ್ರಶೇಖರ್ ಅದೇ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದ. ಅಪ್ಪನಿಗೆ ಮಗ ಐ.ಸಿ.ಎಸ್. ಬರೆಯಲಿ ಅಂತ ಆಸೆ. ಅಷ್ಟರಲ್ಲಿ ಆ ಪರೀಕ್ಷೆ ಭಾರತದಲ್ಲೂ ನಡೆಯುತ್ತಿತ್ತು, ದಾರಿ ಹಿಂದಿಗಿಂತ ಹತ್ತಿರವಾಗಿತ್ತು. ಹುಡುಗನಿಗೆ ಬೇಕಾದದ್ದು ಭೌತವಿಜ್ಞಾನ. ಅಮ್ಮ ಸೀತಾಲಕ್ಷ್ಮಿ ಮಗನ ಪರ ನಿಂತರು. ಅಪ್ಪನನ್ನು ಮೆಚ್ಚಿಸಲು ಹೋಗಬೇಡ, ನಿನಗೆ ಬೇಕಾದ್ದು ಮಾಡು ಎಂಬ ಧಾಟಿಯಲ್ಲಿ. ಆದರೆ ಅಮ್ಮನ ಬೆಂಬಲ ಒಂದೇ ಅಲ್ಲ ಆ ಹುಡುಗನಿಗೆ ಒದಗಿದ್ದು. 1907ರಲ್ಲಿ ಇಲ್ಲದ ಕೆಲಸ 1930ರ ಹೊತ್ತಿಗೆ ಇತ್ತು. ಕಲ್ಕತ್ತದಲ್ಲಿ ಚಿಕ್ಕಪ್ಪನ ಪ್ರಯೋಗಾಲಯವಿತ್ತು, 1928ರ ಬೇಸಿಗೆಯಲ್ಲಿ ಅಲ್ಲಿ ಹೋಗಿ ಕೂತು ಬಂದಿದ್ದ. ಕೇಂಬ್ರಿಜ್‌ಗೆ ಹೋಗಲು ಭಾರತ ಸರ್ಕಾರವೇ ವಿದ್ಯಾರ್ಥಿವೇತನ ಕೊಟ್ಟಿತು. ಹತ್ತು ವರ್ಷ ಲೆಕ್ಕಪತ್ರ ನೋಡುವ ಅಗತ್ಯ ಅವನಿಗೆ ಬೀಳಲಿಲ್ಲ.